ಕೇಳಿ ಹೇಳುತ್ತೇವೆ ಎಂದು ಹೋದವರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಗಾದೆ ಮಾಡಿಟ್ಟರು. ಮನೆ ಮಾರಿ ನೋಡು ಎಂಬ ಮೂರನೆಯ ತುಂಡನ್ನು ಅವರು ಸೇರಿಸಲಿಲ್ಲ. ಕಟ್ಟಿದ ಮನೆಯನ್ನು ತಾವಾಗಿ ಮಾರುವುದು ಅವರ ಎಣಿಕೆಯಲ್ಲೇ ಇರಲಿಲ್ಲವೆಂದು ತೋರುತ್ತದೆ. ಸಾಲದಲ್ಲಿ ಮನೆ ಹೋಯಿತು, ಕೋರ್ಟು ಕಚೇರಿ ಅಲೆದು ಮನೆ ಹೋಯಿತು ಎನ್ನುತ್ತಿದ್ದರು. ಅವರ ಮಾತಿನಲ್ಲಿ ಮನೆ ‘ಹೋಗುತ್ತಿತ್ತೇ’ ಹೊರತು ಅದನ್ನು ಯಾರೂ ಮಾರುತ್ತಿರಲಿಲ್ಲ.

ಈಗ ಹಾಗಿಲ್ಲ. ಮೈಸೂರಿನ ಹಳೆಯ ಅಗ್ರಹಾರಗಳಲ್ಲಿ, ಶ್ರೀರಂಗಪಟ್ಟಣ, ನಂಜನಗೂಡುಗಳ ಹಳೆಯ ಬೀದಿಗಳಲ್ಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಅಡ್ಡರಸ್ತೆಗಳಲ್ಲಿ ‘ಮನೆ ಮಾರಾಟಕ್ಕಿದೆ’ ಎಂಬ ಹಲಗೆ ಕಾಣುವುದು ಸಾಮಾನ್ಯವಾಗಿದೆ. ಒಳಗೆ ವಯಸ್ಸಾದ ದಂಪತಿ, ಕೆಲವು ಕಡೆ ಒಬ್ಬರೇ. ಮಕ್ಕಳು ದೂರದ ಊರಿನಲ್ಲಿ ಅಥವಾ ದೂರದ ದೇಶದಲ್ಲಿ. ಹೆಂಚು ಸರಿಸುವ ಆಳು ಸಿಗುವುದಿಲ್ಲ, ಮದರಾಸು ತಾರಸಿಯ ತೊಲೆಗೆ ಗೆದ್ದಲು ಹತ್ತಿದೆ, ತೊಟ್ಟಿಗೆ ಬಿದ್ದ ಮಳೆನೀರು ಸರಿಯಾಗಿ ಹರಿದುಹೋಗುತ್ತಿಲ್ಲ. ಮಾರುವುದು ವಾಸಿ ಎಂದು ಮನಸ್ಸು ಗಟ್ಟಿಮಾಡಿದ್ದಾಯಿತು, ದಲ್ಲಾಳಿಗೂ ಹೇಳಿದ್ದಾಯಿತು. ಜನ ಬರುತ್ತಲೇ ಇದ್ದಾರೆ. ಆದರೆ ಬೆಲೆ ಕೇಳುವವರಿಲ್ಲ.

ಬಂದವರ ರೀತಿ ನೋಡಿದರೆ ಹಿಂದಿನ ಕಾಲದ ಹೆಣ್ಣು ನೋಡುವ ಶಾಸ್ತ್ರವೇ ನೆನಪಾಗುತ್ತದೆ. ಭಾನುವಾರ ಬೆಳಿಗ್ಗೆ ಗಂಡ, ಹೆಂಡತಿ, ಜೊತೆಗೆ ಎಲ್ಲ ಬಲ್ಲ ಒಬ್ಬ ಭಾವಮೈದುನ. ಜಗುಲಿಯ ಕಂಬವನ್ನು ಬೆರಳಿನಿಂದ ಕುಟ್ಟಿ ‘ತೇಗವೇ?’ ಎನ್ನುತ್ತಾರೆ. ತೊಟ್ಟಿಯಲ್ಲಿ ನಿಂತು ತಲೆಯೆತ್ತಿ ಆಕಾಶ ನೋಡಿ ‘ಎಷ್ಟು ತಂಪು!’ ಎನ್ನುತ್ತಾರೆ. ಕೆಂಪು ಸಾರಣೆಯ ನೆಲವನ್ನು ಹೊಗಳುತ್ತಾರೆ. ಕಾಫಿ ಕುಡಿಯುತ್ತಾರೆ. ಹೊರಡುವಾಗ ‘ಮನೆಯಲ್ಲಿ ಕೇಳಿ ಹೇಳ್ತೀವಿ’ ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದರೆ ಅದರ ಅರ್ಥ ಆ ಮನೆಯವರಿಗೆಲ್ಲ ಗೊತ್ತಿತ್ತು. ಇದರ ಅರ್ಥವೂ ಮೂರನೆಯ ಭಾನುವಾರದ ಹೊತ್ತಿಗೆ ಗೊತ್ತಾಗುತ್ತದೆ.

ಆಗ ಮನೆಯವರು ತಪ್ಪನ್ನು ಮನೆಯೊಳಗೇ ಹುಡುಕತೊಡಗುತ್ತಾರೆ. ಸುಣ್ಣಬಣ್ಣ ಮಾಡಿಸುತ್ತಾರೆ, ಹಳೆಯ ಸಾಮಾನುಗಳನ್ನು ಅಟ್ಟಕ್ಕೆ ಸೇರಿಸುತ್ತಾರೆ, ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುತ್ತಾರೆ. ದಲ್ಲಾಳಿಯೂ ಇದನ್ನೇ ಹೇಳುತ್ತಾನೆ, ಅವನಿಗೆ ಹೇಳುವುದಕ್ಕೆ ಸುಲಭವಾದ ಮಾತು ಇದೇ. ಇದರಿಂದ ಪ್ರಯೋಜನವೇ ಇಲ್ಲವೆಂದಲ್ಲ. ಆದರೆ ಬಂದವರು ಮನೆಯನ್ನು ಮೆಚ್ಚಿಯೇ ಹೋಗಿದ್ದಾರೆ ಎನ್ನುವುದನ್ನು ಇಲ್ಲಿ ಮರೆಯುತ್ತೇವೆ. ಒಪ್ಪಿಗೆ ತಪ್ಪಿದ್ದು ಒಳಗಲ್ಲ, ಹೊರಗೆ. ಕೇಳಿ ಹೇಳುತ್ತೇವೆ ಎಂದವರು ನಿಜವಾಗಿಯೂ ಕೇಳುತ್ತಾರೆ. ಯಾರನ್ನು ಕೇಳುತ್ತಾರೆ ಎನ್ನುವುದೇ ಪ್ರಶ್ನೆ.

ಇದಕ್ಕೆ ಉತ್ತರ ಒಂಬೈನೂರು ವರ್ಷಗಳ ಹಿಂದಿನ ನಮ್ಮ ನಾಡಿನ ಒಂದು ಗ್ರಂಥದಲ್ಲಿ ಸಿಗುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾದ ಆಗಿನ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬಂಗಾಳವೇ ಮೊದಲಾದ ಕೆಲವು ಪ್ರದೇಶಗಳನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾದ ಗ್ರಂಥ ಅದು. ಬ್ರಿಟಿಷ್ ನ್ಯಾಯಾಲಯಗಳೂ ಅದನ್ನೇ ಹಿಡಿದು ತೀರ್ಪು ಕೊಟ್ಟವು. ಅದರಲ್ಲಿ ವಿಜ್ಞಾನೇಶ್ವರ ಒಂದು ಹಳೆಯ ಸ್ಮೃತಿವಚನವನ್ನು ಚರ್ಚೆಗೆ ಎತ್ತಿಕೊಳ್ಳುತ್ತಾನೆ. ಭೂಮಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಕ್ಕೆ ಆರು ಬೇಕು ಎನ್ನುವುದು ಅದರ ತಾತ್ಪರ್ಯ. ಊರವರು, ಜ್ಞಾತಿಗಳು, ನೆರೆಯವರು, ಪಾಲಿನ ಹಕ್ಕುಳ್ಳವರು ಈ ನಾಲ್ವರ ಒಪ್ಪಿಗೆ ಮೊದಲು, ಆಮೇಲೆ ಚಿನ್ನ, ಕೊನೆಗೆ ನೀರು.

ಇದಕ್ಕೆ ಅವನು ಕೊಡುವ ವಿವರಣೆ ಇವತ್ತಿನ ಯಾವ ವಕೀಲರೂ ತಲೆದೂಗುವಂಥದು. ಊರವರ ಒಪ್ಪಿಗೆ ಕೇಳುವುದು ಅವರಿಗೆ ಆಸ್ತಿಯಲ್ಲಿ ಹಕ್ಕಿದೆಯೆಂದಲ್ಲ, ವ್ಯವಹಾರ ಎಲ್ಲರಿಗೂ ತಿಳಿದಿರಲಿ ಎಂದು. ನೆರೆಯವರನ್ನು ಕೇಳುವುದು ಮುಂದೆ ಎಲ್ಲೆಯ ಜಗಳ ಬಾರದಿರಲಿ ಎಂದು. ಸ್ಥಿರಾಸ್ತಿಯನ್ನು ಮಾರಬಾರದು ಎಂಬ ಹಳೆಯ ನಿಷೇಧವೊಂದಿತ್ತು. ಆದ್ದರಿಂದ ಮಾರುವುದಿದ್ದರೂ ಚಿನ್ನವನ್ನೂ ನೀರನ್ನೂ ಕೊಟ್ಟು ದಾನದ ರೂಪದಲ್ಲೇ ಮಾಡಿಬಿಡಿ ಎಂದು ಅವನು ದಾರಿ ತೋರಿಸುತ್ತಾನೆ. ನಮ್ಮ ಶಾಸನಗಳ ‘ಧಾರಾಪೂರ್ವಕ’ ಎಂಬ ಮಾತಿನ ಹಿಂದಿರುವುದು ಇದೇ ನೀರು.

ಆ ಆರೂ ಇಂದಿಗೂ ಹೋಗಿಲ್ಲ, ವೇಷ ಬದಲಿಸಿವೆ ಅಷ್ಟೆ. ಪತ್ರಿಕೆಗಳ ಒಳಪುಟಗಳಲ್ಲಿ ಸಣ್ಣ ಅಕ್ಷರದ ‘ಸಾರ್ವಜನಿಕ ಪ್ರಕಟಣೆ’ಗಳನ್ನು ಓದುಗರು ನೋಡಿರಬಹುದು. ನಮ್ಮ ಕಕ್ಷಿದಾರರು ಇಂಥ ಸ್ವತ್ತನ್ನು ಕೊಳ್ಳಲಿದ್ದಾರೆ, ಯಾರಿಗಾದರೂ ತಕರಾರಿದ್ದರೆ ಇಷ್ಟು ದಿನಗಳೊಳಗೆ ತಿಳಿಸಿ ಎಂದು ವಕೀಲರು ಪ್ರಕಟಿಸುವುದು ಊರವರಿಗೆ ಸಾರುವ ಡಂಗುರವೇ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪಡೆಯುವ ಋಣಭಾರ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ‘ಇ.ಸಿ.’ಯೂ ಅದೇ ಜಾತಿಯದು. 1882ರ ಸ್ವತ್ತು ವರ್ಗಾವಣೆ ಕಾಯಿದೆ ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದ ಮೂಲಕವೇ ಆಗಬೇಕು ಎಂದಿತು. ಆ ನೂರು ರೂಪಾಯಿಯ ಮಿತಿ ಕಾಯಿದೆಯಲ್ಲಿ ಇನ್ನೂ ಹಾಗೆಯೇ ಕುಳಿತಿರುವುದು ಒಂದು ತಮಾಷೆ.

ನೆರೆಯವರ ವಿಷಯ ಹಳೆಯ ಬೀದಿಗಳಲ್ಲಿ ಅಷ್ಟು ಸುಲಭವಲ್ಲ. ಕ್ರಯಪತ್ರದ ಕೊನೆಯಲ್ಲಿ ಬರುವ ಚೆಕ್ಕುಬಂದಿಯನ್ನೇ ತೆಗೆದುಕೊಳ್ಳಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ರಾಜಬೀದಿ. ಎಂಬತ್ತು ವರ್ಷದ ಹಿಂದಿನ ಪತ್ರದ ಆ ‘ಇಂಥವರು’ ಯಾರೂ ಈಗಿಲ್ಲ, ಹಿತ್ತಿಲಿದ್ದಲ್ಲಿ ಮೂರಂತಸ್ತಿನ ಕಟ್ಟಡವಿದೆ, ಓಣಿ ಯಾರದೋ ಕಾಂಪೌಂಡಿನೊಳಗೆ ಸೇರಿಹೋಗಿದೆ. ಪತ್ರದಲ್ಲಿರುವ ಅಳತೆಗೂ ಖಾತೆಯಲ್ಲಿರುವ ಅಳತೆಗೂ ಟೇಪು ಹಿಡಿದರೆ ಸಿಗುವ ಅಳತೆಗೂ ಹೊಂದಿಕೆಯಿಲ್ಲ. ಜೊತೆಗೆ ಅಗ್ರಹಾರದ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಎರಡು ಮನೆಗೂ ಒಂದೇ ಗೋಡೆ. ಕೊಂಡವನು ಕೆಡವಿ ಕಟ್ಟಬೇಕೆಂದರೆ ಪಕ್ಕದ ಮನೆಯ ತೊಲೆ ಕುಳಿತಿರುವ ಗೋಡೆಯನ್ನು ಮುಟ್ಟುವಂತಿಲ್ಲ. ಮುಂಭಾಗ ಕಿರಿದು, ಒಳಗೆ ಉದ್ದ. ಇಂಥ ಜಾಗದಲ್ಲಿ ಈಗಿನ ನಿಯಮದಂತೆ ಸುತ್ತ ಜಾಗ ಬಿಟ್ಟು ಕಟ್ಟಹೊರಟರೆ ಉಳಿಯುವುದು ಕಡಿಮೆ. ಇದನ್ನು ಯಾರೂ ಮನೆಯ ಯಜಮಾನರ ಮುಖಕ್ಕೆ ಹೇಳುವುದಿಲ್ಲ. ಹೊರಗೆ ಬಂದು ಬೀದಿಯ ತುದಿಯಲ್ಲಿ ಕಾರಿನ ಬಾಗಿಲು ಹಾಕಿಕೊಳ್ಳುತ್ತ ಭಾವಮೈದುನ ಹೇಳುತ್ತಾನೆ.

ಇದೆಲ್ಲಕ್ಕಿಂತ ಹೆಚ್ಚಾಗಿ ಮಾರಾಟಗಳು ನಿಲ್ಲುವುದು ನಾಲ್ಕನೆಯವರಲ್ಲಿ, ಪಾಲಿನ ಹಕ್ಕುಳ್ಳವರಲ್ಲಿ. ಮನೆಯಲ್ಲಿ ಇರುವವರು ಇಬ್ಬರೇ ಆದರೂ ಮನೆ ಅವರಿಬ್ಬರದೇ ಆಗಿರಬೇಕೆಂದಿಲ್ಲ. ತಾತ ಕಟ್ಟಿಸಿದ ಮನೆ, ತಂದೆಯ ಕಾಲಕ್ಕೆ ಪಂಚಾಯತಿ ಸೇರಿ ಬಿಳಿಯ ಹಾಳೆಯ ಮೇಲೆ ಬರೆದ ಒಂದು ಪಾಲುಪಟ್ಟಿ, ನೋಂದಣಿಯಿಲ್ಲ. ದೊಡ್ಡಪ್ಪನ ಮಕ್ಕಳು ಊರು ಬಿಟ್ಟು ಐವತ್ತು ವರ್ಷವಾಯಿತು. ಅತ್ತೆಯರು ಮದುವೆಯಾಗಿ ಹೋದವರು, ಅವರಿಗೇನು ಪಾಲು ಎಂದು ಯಾರೂ ಕೇಳಿದ್ದೇ ಇಲ್ಲ.

ಕಾನೂನು ಮಾತ್ರ ಮೆಲ್ಲಮೆಲ್ಲನೆ ಕೇಳುತ್ತಲೇ ಬಂದಿದೆ. ಈ ವಿಷಯದಲ್ಲಿ ಮೈಸೂರು ಸಂಸ್ಥಾನ ಮುಂದೆಯೇ ಇತ್ತು. ಮನೆ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕೆಂಬ ಕಾಯಿದೆ ಇಲ್ಲಿ 1933ರಲ್ಲೇ ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣುಮಕ್ಕಳನ್ನು ವಾರಸುದಾರರೆಂದು ಒಪ್ಪಿಕೊಂಡಿತು, ಆದರೆ ವಾಸದ ಮನೆಯ ಮಟ್ಟಿಗೆ ಒಂದು ಕೊಕ್ಕೆ ಇಟ್ಟಿತು. ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಕುಟುಂಬ ವಾಸವಾಗಿರುವ ಮನೆಯ ಪಾಲನ್ನು ಕೇಳುವಂತಿರಲಿಲ್ಲ. 1994ರಲ್ಲಿ ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ, ಆ ವೇಳೆಗೆ ಮದುವೆಯಾಗಿರದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮಾನರನ್ನಾಗಿ ಮಾಡಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಭೇದವನ್ನು ತೆಗೆದುಹಾಕಿತು, ವಾಸದ ಮನೆಯ ಕೊಕ್ಕೆಯನ್ನೂ ಕಿತ್ತುಹಾಕಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲ ಹದಿನೈದು ವರ್ಷ ನಡೆಯಿತು. ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಬಾಯಿಮಾತಿನಲ್ಲೇ ಪಾಲಾಗಿತ್ತು ಎಂಬ ವಾದವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿಲ್ಲದೆ ಸುಲಭವಾಗಿ ಒಪ್ಪಬಾರದೆಂದೂ ಅದೇ ತೀರ್ಪು ಹೇಳಿತು. ಬಿಳಿಯ ಹಾಳೆಯ ಪಾಲುಪಟ್ಟಿಗಳು ಆ ದಿನ ಇನ್ನಷ್ಟು ಹಗುರವಾದವು.

ಮನೆ ಮೆಚ್ಚಿ ಹೋದವರ ವಕೀಲರು ಮೊದಲು ಕೇಳುವುದೇ ವಂಶವೃಕ್ಷ. ಅದರಲ್ಲಿ ಹನ್ನೊಂದು ಹೆಸರಿದ್ದರೆ ಹನ್ನೊಂದು ಸಹಿ ಬೇಕು, ಇಲ್ಲವೇ ಹನ್ನೊಂದು ಹಕ್ಕು ಬಿಡುಗಡೆ ಪತ್ರ. ನನ್ನ ಪಾಲನ್ನಷ್ಟೇ ಮಾರುತ್ತೇನೆ ಎಂದರೆ ಸಾಗದೇ ಎಂದು ಕೆಲವರು ಕೇಳುತ್ತಾರೆ. ಸಾಗುತ್ತದೆ, ಆದರೆ ಕೊಳ್ಳುವವರು ಯಾರು? ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬನ ಪಾಲು ಕೊಂಡ ಹೊರಗಿನವನಿಗೆ ಉಳಿದವರ ಜೊತೆ ಆ ಮನೆಯಲ್ಲಿ ವಾಸಮಾಡುವ ಹಕ್ಕು ಬರುವುದಿಲ್ಲವೆಂದು 1882ರ ಕಾಯಿದೆ ಹೇಳುತ್ತದೆ. ಅವನು ಪಾಲಿಗಾಗಿ ದಾವಾ ಹೂಡಿದರೆ, ನ್ಯಾಯಾಲಯ ಕಟ್ಟಿದ ಬೆಲೆಗೆ ಅವನ ಭಾಗವನ್ನು ಮನೆಯವರೇ ಕೊಂಡುಕೊಳ್ಳಬಹುದೆಂದು 1893ರ ವಿಭಾಗ ಕಾಯಿದೆ ಹೇಳುತ್ತದೆ. ಮನೆಯೊಳಗೆ ಅಪರಿಚಿತ ಬರಬಾರದೆಂದು ಮಾಡಿದ ಏರ್ಪಾಡು ಇದು. ಪಾಲು ಮಾರಿ ಬಿಡುಗಡೆ ಹೊಂದುತ್ತೇನೆಂದು ಕೊಂಡವನಿಗೆ ಇದೇ ಬೀಗವಾಗಿ ಕೂರುತ್ತದೆ.

ಬೆಂಗಳೂರಿನ ಬಡಾವಣೆಗಳ ಸ್ವಯಾರ್ಜಿತ ಮನೆಗಳಲ್ಲಿ ಈ ತೊಡಕು ಕಡಿಮೆ, ಬೇರೆಯದಿದೆ. ಹಿಂದಿನ ಸಿಐಟಿಬಿ, ಅದರ ಜಾಗದಲ್ಲಿ 1976ರ ಕಾಯಿದೆಯಂತೆ ಬಂದ ಬಿಡಿಎ, ನಿವೇಶನಗಳನ್ನು ಹತ್ತು ವರ್ಷದ ‘ಗುತ್ತಿಗೆ ಮತ್ತು ಮಾರಾಟ’ದ ಕರಾರಿನ ಮೇಲೆ ಕೊಡುತ್ತಿದ್ದವು. ಅವಧಿ ಮುಗಿದ ಮೇಲೆ ಹೋಗಿ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳಬೇಕಿತ್ತು. ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿ, ಕಂದಾಯ ಕಟ್ಟುತ್ತ ನೆಮ್ಮದಿಯಾಗಿದ್ದವರಲ್ಲಿ ಆ ಕೊನೆಯ ಪತ್ರವನ್ನು ಮರೆತವರು ಕೆಲವರಿದ್ದಾರೆ. ಮಾರುವ ದಿನ ಅದು ನೆನಪಾಗುತ್ತದೆ. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ ಬೇಕೇಬೇಕು ಎಂದಾದ ಮೇಲಂತೂ ಇಂಥ ಹಳೆಯ ಮರೆವುಗಳು ಒಟ್ಟಿಗೆ ಬೆಳಕಿಗೆ ಬಂದವು.

ಇನ್ನು ಚಿನ್ನದ ಮಾತು, ಅಂದರೆ ಬೆಲೆ. ಇಲ್ಲಿ ಮಾರುವವರೂ ಕೊಳ್ಳುವವರೂ ಒಂದೇ ಮನೆಯಲ್ಲಿ ನಿಂತು ಎರಡು ವಸ್ತುಗಳ ಲೆಕ್ಕ ಹಾಕುತ್ತಿರುತ್ತಾರೆ. ಯಜಮಾನರು ಲೆಕ್ಕ ಹಾಕುವುದು ಕಂಬ, ಬಾಗಿಲವಾಡ, ಬಾವಿ, ಆ ಮನೆಯಲ್ಲಿ ನಡೆದ ಏಳು ಮದುವೆ. ಬಂದವರು ಲೆಕ್ಕ ಹಾಕುವುದು ಚದರಡಿ. ಮೂವತ್ತು-ನಲವತ್ತಾದರೆ ಸಾವಿರದ ಇನ್ನೂರು, ನಲವತ್ತು-ಅರವತ್ತಾದರೆ ಎರಡು ಸಾವಿರದ ನಾನೂರು, ಅದರಲ್ಲಿ ಕೆಡವುವ ಖರ್ಚು ಕಳೆದರೆ ಎಷ್ಟು? ಸಾಲ ಕೊಡುವ ಬ್ಯಾಂಕಿನ ಕಡೆಯಿಂದ ಬಂದ ಎಂಜಿನಿಯರ್ ಕಟ್ಟಡಕ್ಕೆ ಇನ್ನೆಷ್ಟು ಆಯುಸ್ಸು ಎಂದು ನೋಡುತ್ತಾನೆ. ನೂರು ವರ್ಷ ನಿಂತದ್ದು ಅವನ ಲೆಕ್ಕದಲ್ಲಿ ಗುಣವಲ್ಲ, ದೋಷ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾವು ಎಂದೋ ಹೇಳಿದ್ದನ್ನು ಸಂಶೋಧಕರು 1990ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಕಾಹ್ನೆಮನ್, ನೆಟ್ಷ್, ಥೇಲರ್ ಎಂಬ ಮೂವರು ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಮಗ್ಗುಗಳನ್ನು ಕೊಟ್ಟು, ಉಳಿದವರಿಗೆ ಮಾರಲು ಹೇಳಿದರು. ಐದು ನಿಮಿಷದ ಹಿಂದೆ ಕೈಗೆ ಬಂದ ಮಗ್ಗಿಗೆ ಅವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧವಿದ್ದ ಬೆಲೆಯ ಸುಮಾರು ಎರಡು ಪಟ್ಟು. ಮಗ್ಗಿಗೇ ಹೀಗಾದರೆ ಹುಟ್ಟಿದ ಮನೆಗೆ? 1990ರ ದಶಕದ ಬಾಸ್ಟನ್ ನಗರದ ಮನೆಗಳ ಮಾರಾಟವನ್ನು ಜೆನಿಸೋವ್, ಮೇಯರ್ ಎಂಬಿಬ್ಬರು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ್ದಾರೆ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಉಳಿದವರಿಗಿಂತ ಹೆಚ್ಚು ಬೆಲೆ ಹೇಳುತ್ತಿದ್ದರು, ಹೆಚ್ಚು ಕಾಲ ಕಾಯುತ್ತಿದ್ದರು. ಕಾದಷ್ಟೂ ‘ಅದು ಮೂರು ವರ್ಷದಿಂದ ಮಾರಾಟಕ್ಕಿದೆಯಂತೆ’ ಎಂಬ ಮಾತು ಬೀದಿಯಲ್ಲಿ ಬೆಳೆಯುತ್ತದೆ. ಅದು ನಮ್ಮಲ್ಲಿ ಇನ್ನೊಂದು ಬಣ್ಣ ಪಡೆಯುತ್ತದೆ, ‘ಆ ಮನೆ ಆಗಿಬರುವುದಿಲ್ಲವಂತೆ’ ಎಂದು.

ಇಲ್ಲಿ ವಿಜ್ಞಾನೇಶ್ವರನ ಪಟ್ಟಿಯಲ್ಲಿಲ್ಲದ ಏಳನೆಯವನೊಬ್ಬ ಬಂದು ಸೇರಿದ್ದಾನೆ, ವಾಸ್ತು ಸಲಹೆಗಾರ. ದಿಕ್ಸೂಚಿ ಹಿಡಿದು ಬರುವ ಇವನು ‘ದಕ್ಷಿಣದ ಬಾಗಿಲು’ ಎಂದರೆ ಸಾಕು, ಮಾತುಕತೆ ಮುಗಿಯಿತು. ಆದರೆ ಅಗ್ರಹಾರದ ಬೀದಿಯೊಂದರ ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಪೂರ್ವ ಪಶ್ಚಿಮವಾಗಿ ಹೋಗುವ ಬೀದಿ, ಎರಡೂ ಕಡೆ ಸಾಲುಮನೆ. ಉತ್ತರದ ಸಾಲಿನ ಪ್ರತಿಯೊಂದು ಮನೆಯ ಬಾಗಿಲೂ ದಕ್ಷಿಣಕ್ಕೇ ಇರಬೇಕು, ಬೇರೆ ದಾರಿಯಿಲ್ಲ. ಶಾಸ್ತ್ರ ಓದಿದವರೇ ತಲೆತಲಾಂತರ ಬಾಳಿದ ಬೀದಿಗಳಿವು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಮನೆಯ ನಾಲ್ಕು ಪಾರ್ಶ್ವಗಳನ್ನೂ ಭಾಗ ಮಾಡಿ, ಯಾವ ಭಾಗದಲ್ಲಿ ಬಾಗಿಲಿಟ್ಟರೆ ಏನು ಫಲವೆಂದು ಹೇಳುತ್ತಾನೆ. ದಕ್ಷಿಣದಲ್ಲೂ ಒಳ್ಳೆಯ ಫಲದ ಭಾಗವಿದೆ, ಪೂರ್ವದಲ್ಲೂ ಕೆಟ್ಟ ಫಲದ ಭಾಗಗಳಿವೆ. ಹಳೆಯ ಮನೆ ಕಟ್ಟಿದವರು ಉದ್ದಗಲಗಳಿಂದ ಬಂದ ಸಂಖ್ಯೆಯನ್ನು ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಧ್ವಜಾಯ, ಸಿಂಹಾಯ, ವೃಷಭಾಯ, ಗಜಾಯ ಎಂದು ‘ಆಯ’ ನೋಡುತ್ತಿದ್ದರು. ನಡುವಿನ ಬ್ರಹ್ಮಸ್ಥಾನವನ್ನು ತೆರೆದಿಡುತ್ತಿದ್ದರು, ತೊಟ್ಟಿ ಇರುವುದು ಅಲ್ಲಿಯೇ. ಆಯ ನೋಡಿ ಕಟ್ಟಿದ ಮನೆಯನ್ನು ದಿಕ್ಸೂಚಿ ನೋಡಿ ಬೇಡವೆನ್ನುವುದು ನಮ್ಮ ಕಾಲದ ವಿಚಿತ್ರ. 2023ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಧಾನಸೌಧದ ತಮ್ಮ ಕೊಠಡಿಯಲ್ಲಿ ವಾಸ್ತುವಿಗಾಗಿ ಮುಚ್ಚಿದ್ದ ದಕ್ಷಿಣದ ಬಾಗಿಲನ್ನು ತೆರೆಸಿ ಒಳಹೋದದ್ದು ದೊಡ್ಡ ಸುದ್ದಿಯಾಯಿತು. ಬಾಗಿಲು ತೆರೆದದ್ದೇ ಸುದ್ದಿಯಾಗುವುದಾದರೆ ಭಯ ಎಷ್ಟಿರಬೇಕು ಎಂದು ಊಹಿಸಬಹುದು. ಆದರೂ ನನ್ನ ಅನಿಸಿಕೆಯಲ್ಲಿ ವಾಸ್ತುವಿನ ಹೆಸರು ಹೇಳಿ ಬಿಟ್ಟುಹೋದವರೆಲ್ಲ ವಾಸ್ತುವಿಗಾಗಿಯೇ ಬಿಟ್ಟವರಲ್ಲ. ಮದುವೆಯ ಮಾತಿನಲ್ಲಿ ‘ಜಾತಕ ಕೂಡಲಿಲ್ಲ’ ಎಂಬುದಿದ್ದಂತೆ, ಯಾರ ಮನಸ್ಸೂ ನೋಯದ ಹಾಗೆ ಬೇಡವೆನ್ನುವ ಮಾತು ಇದು. ನಿಮ್ಮ ಮನೆಯ ಪತ್ರ ಸರಿಯಿಲ್ಲ, ಬೆಲೆ ಹೆಚ್ಚು, ನಿಮ್ಮ ತಂಗಿ ಸಹಿ ಹಾಕುವುದಿಲ್ಲವಂತೆ ಎಂದು ಎಪ್ಪತ್ತೈದರ ಹಿರಿಯರ ಎದುರು ಹೇಳುವುದು ಹೇಗೆ?

ಆದ್ದರಿಂದ ಬಣ್ಣ ಬಳಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇರೆ. ಕೊಳ್ಳುವವರ ವಕೀಲರು ಏನೇನು ಕೇಳುವರೋ ಅದನ್ನು ಮಾರುವವರೇ ಮೊದಲು ಕೂಡಿಸಿಡುವುದು. ಮೂವತ್ತು ವರ್ಷದ ಇ.ಸಿ., ಮೂಲಪತ್ರ, ಖಾತೆ, ವಂಶವೃಕ್ಷ, ಹೊಸದಾಗಿ ಅಳೆಸಿದ ನಕ್ಷೆ. ಎಲ್ಲಕ್ಕಿಂತ ಮೊದಲು ಅಕ್ಕತಂಗಿಯರ ಮನೆಗೆ ಹೋಗಿಬರುವುದು. ಕೊಳ್ಳುವವರು ಬೆಲೆ ಹೇಳಿದ ಮೇಲೆ ಸಹಿಗೆ ಹೋದರೆ ಅದು ಬೇಡುವುದಾಗುತ್ತದೆ, ಹಲಗೆ ಹಾಕುವ ಮೊದಲು ಹೋದರೆ ಕೇಳುವುದಾಗುತ್ತದೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ, ತನಗೆ ಮಾತ್ರ ಗೊತ್ತಿರುವ ದೋಷವನ್ನು ಮಾರುವವನು ಹೇಳಲೇಬೇಕೆಂದು 1882ರ ಕಾಯಿದೆಯೇ ವಿಧಿಸಿದೆ. ಹೇಳಿದರೆ ಬೆಲೆ ಇಳಿಯುತ್ತದೆಂಬ ಹೆದರಿಕೆ ಸಹಜ. ಆದರೆ ‘ಯಾಕೆ ಮಾರುತ್ತಿದ್ದೀರಿ?’ ಎಂಬ ಪ್ರಶ್ನೆಗೆ ನೇರ ಉತ್ತರ ಸಿಕ್ಕದ ಮನೆಯಲ್ಲಿ ಬಂದವರು ದೋಷವನ್ನು ತಾವೇ ಕಲ್ಪಿಸಿಕೊಳ್ಳುತ್ತಾರೆ, ಕಲ್ಪನೆಯ ದೋಷಕ್ಕೆ ಮಿತಿಯಿಲ್ಲ.

ಇಷ್ಟರಲ್ಲಿ ಯಾವ ಭಾನುವಾರವನ್ನೂ ಕಾಯದೆ ಬರುವ ಒಬ್ಬನಿದ್ದಾನೆ. ಅವನಿಗೆ ಮನೆ ಬೇಡ, ಮನೆಯ ಮರ ಬೇಕು. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿಯಾರರ ಬಂಗಲೆಗಳಿಂದ ಬಿಚ್ಚಿ ತಂದ ಬರ್ಮಾ ತೇಗದ ಕಂಬ, ಬಾಗಿಲುಗಳನ್ನು ಮಾರುವ ಅಂಗಡಿಗಳ ಸಾಲೇ ಇದೆ. ನಮ್ಮ ಕಡೆಯ ತೊಟ್ಟಿಮನೆಗಳ ಕಂಬಗಳೂ ಹೋಟೆಲು, ರೆಸಾರ್ಟುಗಳ ಹಜಾರ ಸೇರುತ್ತಿವೆ. ಇದನ್ನು ಮೊದಲೇ ಕಂಡವರು ಮಣಿಪಾಲದ ವಿಜಯನಾಥ ಶೆಣೈ. ಕೆಡವುವುದಕ್ಕೆ ಇಟ್ಟಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಮಾರಲು ಬಿಡದೆ, ಬಿಚ್ಚಿ ಸಾಗಿಸಿ ಮತ್ತೆ ಇಡಿಯಾಗಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಹರ್ಕೂರಿನ ಮನೆ, ಕುಕನೂರಿನ ಕಮಲ ಮಹಲ್ ಅಲ್ಲಿನ ಹೆರಿಟೇಜ್ ವಿಲೇಜಿನಲ್ಲಿ ಇಂದು ನೋಡಸಿಗುವುದು ಹಾಗೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಅಂಥ ಭಾಗ್ಯ ಎಲ್ಲ ಮನೆಗಳಿಗೂ ಬರುವುದಿಲ್ಲ.

ಮರದ ವ್ಯಾಪಾರಿ ಇ.ಸಿ. ಕೇಳುವುದಿಲ್ಲ, ವಂಶವೃಕ್ಷ ಕೇಳುವುದಿಲ್ಲ, ದಿಕ್ಸೂಚಿ ತರುವುದಿಲ್ಲ. ಕಂಬ ನಿಂತಿರುವಷ್ಟು ದಿನ ಸ್ಥಿರಾಸ್ತಿ, ಬಿಚ್ಚಿ ಲಾರಿಗೆ ಹಾಕಿದರೆ ಚರಾಸ್ತಿ, ಅದಕ್ಕೆ ನೋಂದಣಿ ಬೇಕಿಲ್ಲ. ಬೆಲೆಯನ್ನೂ ನಿಂತ ನಿಲುವಿನಲ್ಲೇ ಹೇಳುತ್ತಾನೆ. ಎರಡು ಮೂರು ವರ್ಷ ಕಾದು ಬೇಸತ್ತ ಮನೆಯವರಿಗೆ ಮೊದಲು ಕೈಸೇರುವ ಹಣ ಬಹಳ ಸಲ ಅವನದೇ ಆಗಿರುತ್ತದೆ. ಆಮೇಲೆ ಉಳಿದ ಖಾಲಿ ಜಾಗವನ್ನು ನೋಡಲು ಮತ್ತೆ ಜನ ಬರುತ್ತಾರೆ, ಅದಕ್ಕೂ ಆ ಹನ್ನೊಂದು ಸಹಿಗಳು ಬೇಕು.